ಅಮ್ಮನ ಥರ ನಗಬೇಡ್ರಿ

ನನಗೆ ಮೆದುಳು ಜ್ವರ ಬಂದಾಗ ಮಗಳು ಆರನೇ ಕ್ಲಾಸಿನಲ್ಲಿದ್ದಳು. ಆ ದಿನಗಳದ್ದು ನನಗೆ ಒಂದಿಷ್ಟೂ ನೆನಪಿಲ್ಲ. ಗೊತ್ತಿರುವುದೆಲ್ಲ ಬೇರೆಯವರು ಹೇಳಿದ್ದು. ನ್ಯಾಮತಿಯ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆನಂತೆ. ತಲೆನೋವು ಅಂತ ಕುರ್ಚಿಗೆ ಒರಗಿದೆನಂತೆ. ಹಾಗೇ ಬಸ್ಸು ಹತ್ತಿ ಹೊನ್ನಾಳಿಗೆ ಬಂದು, ಮನೆಯಲ್ಲಿ ಚಹಾಕ್ಕೆ ಉಪ್ಪು ಹಾಕಿ, ಲೋಟಕ್ಕೆ ಏನನ್ನುತ್ತಾರೆ ಅಂತ ಅತ್ತೆಯನ್ನು ಕೇಳಿದೆನಂತೆ. ಅತ್ತೆ ತಮಾಷೆ ಅಂದುಕೊಂಡರು. ಆಮೇಲೆ ಕೈಕಾಲು ಸೆಳೆದುಕೊಂಡು ಅಡುಗೆಮನೆಯಲ್ಲೇ ಬಿದ್ದೆ. ನಮ್ಮ ಯಜಮಾನರು ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು ಓಡಿ ಬಂದರಂತೆ. ಅವರದು ಮೋಟಾರಿಗೆ ತಂತಿ ಸುತ್ತಿ ರಿಪೇರಿ ಮಾಡುವ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳು ಬಾಗಿಲ ಹೊರಗೆ ಸಾಲಾಗಿ ಬಿದ್ದಿರುತ್ತವೆ. ಯಾರದೋ ಕಾರಿನಲ್ಲಿ ನನ್ನನ್ನು ದಾವಣಗೆರೆಗೆ ಒಯ್ದರು.

ಐಸಿಯುನಲ್ಲಿ ಬಹಳ ದಿನ ಇದ್ದೆ. ಉಳಿಯುವುದು ಕಷ್ಟ ಅಂದಿದ್ದರಂತೆ. ಉಳಿದೆ. ಮನೆಗೆ ಕಳಿಸುವಾಗ ಡಾಕ್ಟರು, "ಸ್ವಲ್ಪ ಮರೆವು ಇರ್ತದೆ. ಸ್ವಭಾವಾನೂ ಒಂಚೂರು ಬೇರೆ ಅನ್ನಿಸಬಹುದು. ಬರ್ತಾ ಬರ್ತಾ ಸರಿ ಹೋಗ್ತದೆ" ಎಂದರು. ಅದನ್ನು ಅವರು ನಮ್ಮ ಯಜಮಾನರಿಗೆ ಹೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ.

ಮನೆಗೆ ಬಂದ ದಿನ ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಓಡಿ ಬಂದು ಸೊಂಟಕ್ಕೆ ಜೋತುಬಿದ್ದಳು. ನಾನೂ ಅವಳ ತಲೆಯ ಮೇಲೆ ಕೈಯಿಟ್ಟೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಇವಳು ನನ್ನ ಮಗಳು ಅಂತ ಗೊತ್ತಿತ್ತು. ಗೊತ್ತಿತ್ತು, ಅಷ್ಟೇ. ಪಾಠದ ಪುಸ್ತಕದಲ್ಲಿ ಓದಿದ ಸಂಗತಿ ಗೊತ್ತಿರುತ್ತದಲ್ಲ, ಹಾಗೆ. ಇವಳನ್ನು ಹೆತ್ತದ್ದು, ಎತ್ತಿ ಆಡಿಸಿದ್ದು, ಮೊದಲ ದಿನ ಶಾಲೆಗೆ ಬಿಟ್ಟು ಬಂದದ್ದು, ಯಾವುದನ್ನು ತಡಕಿದರೂ ಕೈಗೆ ಸಿಗಲಿಲ್ಲ. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ತಿಳಿದಿತ್ತು. ಯಾವ ಸ್ವಿಚ್ಚು ಒತ್ತಿದರೆ ಪಡಸಾಲೆಯ ದೀಪ ಹತ್ತುತ್ತದೆ ಅಂತ ತಿಳಿದಿತ್ತು. ಮನೆ ನನ್ನದೇ. ಆದರೆ ಬಾಡಿಗೆಗೆ ಬಂದವಳಂತೆ, ಎಲ್ಲವನ್ನೂ ಮೆಲ್ಲಗೆ ಮುಟ್ಟಿ ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದೆ.

ಇದನ್ನು ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ದೇವರ ದಯದಿಂದ ಬದುಕಿ ಬಂದಳು ಅಂತ ಓಣಿಯವರೆಲ್ಲ ಬಂದು ಕುಂಕುಮ ಇಟ್ಟು ಹೋಗುತ್ತಿದ್ದರು.

ಬದಲಾದದ್ದು ಮಾತ್ರ ಒಂದೊಂದೇ ಹೊರಗೆ ಬಿತ್ತು. ನಾನು ಜಗಳೂರಿನ ಕಡೆಯವಳು. ರೊಟ್ಟಿಗೆ ಹಸಿಮೆಣಸಿನಕಾಯಿ ಚಟ್ನಿ ಕಣ್ಣಲ್ಲಿ ನೀರು ಬರುವಷ್ಟು ಖಾರ ಇಲ್ಲದಿದ್ದರೆ ಊಟವೇ ಸೇರುತ್ತಿರಲಿಲ್ಲವಂತೆ. ಈಗ ಒಂದು ಚೂರು ಖಾರವೂ ಬೇಡ. ಬೆಲ್ಲ ಬೇಕು, ಹಾಲು ಬೇಕು. ಕೆಲಸ ಮಾಡುತ್ತಾ ಸದಾ ಏನಾದರೊಂದು ಹಾಡು ಗುನುಗುತ್ತಿದ್ದೆನಂತೆ. ಈಗ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಬಿಟ್ಟರೆ ಏನಿಲ್ಲ. ನನ್ನ ನಗು ಆಚೆ ಮನೆಯವರೆಗೂ ಕೇಳುತ್ತಿತ್ತಂತೆ. ಸಿಟ್ಟೂ ಅಷ್ಟೇ ಜೋರಂತೆ. ಈಗ ಎರಡೂ ಇಲ್ಲ.

"ನಿಮಗೆ ನಾನು ಬೇರೆ ಥರ ಕಾಣ್ತೀನೇನ್ರಿ?" ಎಂದು ಒಂದು ದಿನ ಯಜಮಾನರನ್ನು ಕೇಳಿದೆ. ಅವರು ತಾಮ್ರದ ತಂತಿಯ ಉಂಡೆಯನ್ನು ಚೀಲಕ್ಕೆ ತುಂಬುತ್ತಿದ್ದರು. ತಲೆಯೆತ್ತಿ ನೋಡಿ, "ಸುಸ್ತಾಗೀಯ. ಅದು ಬಿಟ್ರೆ ನಂಗೇನೂ ಬೇರೆ ಕಾಣಲ್ಲ" ಎಂದರು. ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮೊದಲಿನವಳನ್ನೂ ಇವರು ಸರಿಯಾಗಿ ನೋಡಿರಲಿಲ್ಲವೇನೋ ಅನ್ನಿಸಿತು.

ಅವರ ಫೋನಿನಲ್ಲಿ ನನ್ನ ಹಳೆಯ ವಿಡಿಯೋಗಳಿದ್ದವು. ಕೆರೆಬಿಳಚಿಯಲ್ಲಿ ನಾದಿನಿಯ ಮಗುವಿನ ನಾಮಕರಣದ್ದೊಂದು. ಬಳೆಗಾರ ಕೈ ಒತ್ತುತ್ತಾನೆ, ನಾನು ಅಯ್ಯೋ ಅಯ್ಯೋ ಎನ್ನುತ್ತಾ ತಲೆ ಹಿಂದಕ್ಕೆ ಹಾಕಿ ನಗುತ್ತೇನೆ. ಮುಗಿಯುವ ಹೊತ್ತಿಗೆ ಮೂಗಿನಿಂದ ಒಂದು ಸಣ್ಣ ಸೊರಕ್ ಎನ್ನುವ ಸದ್ದು. ಅದನ್ನು ಮತ್ತೆ ಮತ್ತೆ ನೋಡಿದೆ. ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು, ಆ ನಗುವನ್ನು ಅಭ್ಯಾಸ ಮಾಡಿದೆ. ತಲೆ ಎಷ್ಟು ವಾಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲ. ಬಚ್ಚಲ ಕನ್ನಡಿಯಲ್ಲಿ ಅವಳು ನಗುತ್ತಿದ್ದಳು. ಕಣ್ಣು ಮಾತ್ರ ನನ್ನವು, ಅವಳನ್ನು ಗಮನವಿಟ್ಟು ನೋಡುತ್ತಿದ್ದವು.

ಹೀಗೆ ನಡೆಯುತ್ತಿದ್ದಾಗ ಮಗಳು ನೋಡುವ ಧಾರಾವಾಹಿಯ ಆ ಕಂತು ಬಂತು.

ಮಗಳು ಜಪಾನಿನ ಅನಿಮೆಗಳ ಹುಚ್ಚಿ. ಅತ್ತೆ ಅದನ್ನು ಕಾರ್ಟೂನು ಅಂದರೆ ಸಾಕು, "ಕಾರ್ಟೂನ್ ಅಲ್ಲಜ್ಜಿ, ಅನಿಮೆ" ಎಂದು ಮೇಲೆ ಬೀಳುತ್ತಿದ್ದಳು. ಅವರು ಮಾತಾಡುವುದು ಜಪಾನಿ ಭಾಷೆ, ಕೆಳಗೆ ಇಂಗ್ಲಿಷಿನಲ್ಲಿ ಬರೆದು ಬರುತ್ತದೆ. ಅದೊಂದು ಭಾನುವಾರ ಮಧ್ಯಾಹ್ನ. ಅಪ್ಪನ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಅವಳು ಪಡಸಾಲೆಯಲ್ಲಿ ಕೂತಿದ್ದಳು. ನಾನು ಮೊರದಲ್ಲಿ ಅಕ್ಕಿ ಆರಿಸುತ್ತಾ ಹಿಂದೆ ಕೂತಿದ್ದೆ.

ಕತೆ ನನಗೂ ತಿಳಿಯುತ್ತಿತ್ತು. ಬಿಲ್ಲುಗಾರ ಹುಡುಗನೊಬ್ಬ ಊರು ಕಾಯುತ್ತಾನೆ. ಒಂದು ಹೊಡೆದಾಟದಲ್ಲಿ ಬಂಡೆಯಿಂದ ಕೆಳಗೆ ಬೀಳುತ್ತಾನೆ. ಪ್ರಾಣ ಮೈಯಿಂದ ಆಚೆ ಬರುತ್ತದೆ. ಅಲ್ಲೇ ಎಷ್ಟೋ ಕಾಲದಿಂದ ಮೈಯಿಲ್ಲದೆ ಅಲೆಯುತ್ತಿದ್ದ ಹೆಸರಿಲ್ಲದ ಆತ್ಮವೊಂದು ಆ ಖಾಲಿ ಮೈಯೊಳಗೆ ಹೊಗುತ್ತದೆ. ಹುಡುಗ ಎದ್ದು ಕೂರುತ್ತಾನೆ. ಬದುಕಿದ ಅಂತ ಊರೇ ಹಬ್ಬ ಮಾಡುತ್ತದೆ. ಒಳಗಿರುವವನು ಕೆಟ್ಟವನೇನಲ್ಲ. ಬಿಸಿ ಅನ್ನ ಬಾಯಿಗಿಟ್ಟು ಅಳುತ್ತಾನೆ. ಬಿಸಿಲಲ್ಲಿ ಅಂಗೈ ಹಿಡಿದು ನೋಡುತ್ತಾನೆ. ಹುಡುಗನ ತಂಗಿಗೆ ಮಾತ್ರ ಅನುಮಾನ. ಅವಳೊಂದು ಪ್ರಶ್ನೆ ಕೇಳುತ್ತಾಳೆ. ಅವನು ಬೇರೆ ಯಾರ ಬಳಿಯೋ ಉಪಾಯವಾಗಿ ಉತ್ತರ ತಿಳಿದುಕೊಂಡು ಬಂದು ಹೇಳುತ್ತಾನೆ. ಅಷ್ಟು ಹೊತ್ತೂ ನಿಜವಾದ ಅಣ್ಣ ಕಿಟಕಿಯ ಆಚೆ ನಿಂತು ಬಡಿಯುತ್ತಿರುತ್ತಾನೆ. ಒಳಗೆ ಯಾರಿಗೂ ಕೇಳಿಸುವುದಿಲ್ಲ. ಕೊನೆಗೆ ಒಬ್ಬ ಮುದುಕಿ ಗಂಟೆ ಬಾರಿಸಿ ಒಳಹೊಕ್ಕವನನ್ನು ಎಳೆದು ಹೊರಗೆ ಹಾಕುತ್ತಾಳೆ. ಅಣ್ಣ ಮೈಗೆ ಮರಳುತ್ತಾನೆ, ತಂಗಿಯನ್ನು ಅಪ್ಪಿಕೊಳ್ಳುತ್ತಾನೆ.

"ಆ ಇನ್ನೊಬ್ಬ ಎಲ್ಲಿಗೆ ಹೋದ?" ಎಂದು ಕೇಳಿದೆ. ನನಗೆ ಅರಿವಿಲ್ಲದೆ ಬಾಯಿಂದ ಬಂದುಬಿಟ್ಟಿತು.

ಮಗಳು ತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಅದನ್ನ ತೋರ್ಸಿಲ್ಲ" ಎಂದು ಫೋನು ಆರಿಸಿ ಎದ್ದು ಹೋದಳು. ನನ್ನ ಮೊರದಲ್ಲಿ ಕಲ್ಲು ಯಾವುದು ಅಕ್ಕಿ ಯಾವುದು ಕಾಣದಾಯಿತು.

ಮಾರನೇ ದಿನ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳಲು ಅವಳು ನನ್ನ ಹತ್ತಿರ ಬರಲಿಲ್ಲ. ಅಜ್ಜಿಯ ಮುಂದೆ ಕೂತಳು. ಊಟದ ಡಬ್ಬಿ ಕೊಡಲು ಹೋದರೆ, "ಅಲ್ಲೇ ಇಡ್ರಿ, ತಗೋತೀನಿ" ಎಂದಳು.

ಇಡ್ರಿ. ನಮ್ಮ ಕಡೆ ಮಕ್ಕಳು ತಾಯಿಗೆ ನೀನು ಅನ್ನುತ್ತಾರೆ. ಮೇಷ್ಟ್ರಿಗೆ, ಬೀಗರಿಗೆ, ಬಾಗಿಲಿಗೆ ಬಂದ ಹೊರಗಿನವರಿಗೆ ನೀವು. ಅತ್ತೆ ಕೂಡ ಕೈಯಲ್ಲಿದ್ದ ಬಾಚಣಿಗೆ ನಿಲ್ಲಿಸಿ, "ಏನೇ ಇದು, ಅವ್ವಂಗೆ ರೀ ಅಂತೀಯ? ಯಾವ್ ಶಾಲೇಲಿ ಹೇಳ್ಕೊಟ್ರು?" ಎಂದು ನಕ್ಕರು. ಮಗಳು ನಗಲಿಲ್ಲ. ಅವತ್ತಿನಿಂದ ನನಗೆ ಬರೀ ನೀವು. "ನೀವು ಊಟ ಮಾಡಿದ್ರಾ?" "ನೀವು ಮಲಕ್ಕೊಳ್ರಿ, ನಾನು ಅಜ್ಜಿ ಹತ್ರ ಮಲಗ್ತೀನಿ." ಒಂದು ಸಲವೂ ಒರಟಾಗಿ ಆಡಲಿಲ್ಲ. ಮನೆಗೆ ಬಂದ ನೆಂಟರನ್ನು ಹೇಗೆ ನೋಡಿಕೊಳ್ಳಬೇಕೋ ಹಾಗೆ ನೋಡಿಕೊಂಡಳು.

ನಾನು ಇನ್ನಷ್ಟು ಕಷ್ಟಪಟ್ಟೆ. ಯಜಮಾನರು ಅಂಗಡಿಯಲ್ಲಿ ನಡೆದ ಏನೋ ಫಜೀತಿ ಹೇಳಿದಾಗ ತಲೆ ಹಿಂದಕ್ಕೆ ಹಾಕಿ, ಕಲಿತಷ್ಟನ್ನೂ ಕೂಡಿಸಿ ನಕ್ಕೆ. ಕೊನೆಯ ಸೊರಕ್ ಸದ್ದೂ ಸರಿಯಾಗಿ ಬಂತು. ಯಜಮಾನರ ಮುಖ ಅರಳಿತು. ಮಗಳು ತಟ್ಟೆ ಬಿಟ್ಟು ಎದ್ದಳು. ಕೈ ತೊಳೆಯಲು ಹೋದವಳ ಹಿಂದೆ ನಾನೂ ಹೋದೆ. ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ, ನನ್ನ ಕಡೆ ತಿರುಗದೆ ಮೆತ್ತಗೆ ಹೇಳಿದಳು:

"ಅಮ್ಮನ ಥರ ನಗಬೇಡ್ರಿ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಆಮೇಲೆ ನನಗೇ ಕಿಟಕಿಗಳ ಭಯ ಹಿಡಿಯಿತು. ಅಡುಗೆಮನೆಯ ಕಿಟಕಿಯ ಆಚೆ ಪೇರಲ ಗಿಡದ ಟೊಂಗೆ ಗಾಳಿಗೆ ಸರಳಿಗೆ ತಾಗುತ್ತಿತ್ತು. ಹಾಡಹಗಲಲ್ಲಿ ಆ ಟಕ್ ಟಕ್ ಕೇಳಿಸಿದರೆ ಸೌಟು ಬಿಟ್ಟು ಹೋಗಿ ನೋಡುತ್ತಿದ್ದೆ. ಗಿಡ ಅಂತ ಗೊತ್ತಿದ್ದೂ ಹೋಗುತ್ತಿದ್ದೆ. ಅವಳು ಅಲ್ಲಿ ನಿಂತಿದ್ದರೆ? ಖಾರ ತಿನ್ನುವವಳು, ಹಾಡುವವಳು, ತನ್ನ ಮಗಳ ಜಡೆಯನ್ನು ತಾನೇ ಹೆಣೆಯಬೇಕಾದವಳು, ಆಚೆ ನಿಂತು ಬಡಿಯುತ್ತಿದ್ದರೆ? ಒಳಗೆ ನಾನು ಅವಳ ಸೀರೆಯುಟ್ಟು, ಅವಳ ಬಳೆ ತೊಟ್ಟು, ಅವಳ ಒಲೆಯ ಮುಂದೆ ನಿಂತಿದ್ದೆ. ಒಂದು ದಿನ ತಾಳಲಾರದೆ ಆ ಟೊಂಗೆಯನ್ನು ಕಡಿಸಿದೆ. ಕಡಿಸಿದ ಮೇಲೆ ಆ ಮೌನ ಇನ್ನೂ ಕೆಟ್ಟದಾಗಿತ್ತು.

ಮಗಳ ಪ್ರಶ್ನೆ ಬಂದೇ ಬಂತು. ಶಾಲೆಯಿಂದ ಬಂದು ಚೀಲ ಇಳಿಸಿ, ಮೊದಲೇ ತಯಾರಿ ಮಾಡಿಕೊಂಡವಳ ಹಾಗೆ ನನ್ನ ಮುಂದೆ ನಿಂತಳು.

"ನಾನ್ ಸಣ್ಣೋಳಿದ್ದಾಗ ಸೂಳೆಕೆರೆಗೆ ಹೋಗಿದ್ವಲ್ಲ. ಅವತ್ತು ನಾವಿಬ್ರೂ ಪೂರ್ತಿ ನೆಂದು ಬಂದ್ವಿ. ಯಾಕೆ ನೆಂದ್ವಿ?"

"ಹೇಳ್ತೀನಿ ಇರು. ಒಲೆ ಮೇಲೆ ಹಾಲೈತೆ" ಎಂದು ಒಳಗೆ ಹೋದೆ. ಹಾಲು ಇರಲಿಲ್ಲ. ಬಾಗಿಲು ಮರೆ ಮಾಡಿಕೊಂಡು ಯಜಮಾನರಿಗೆ ಫೋನು ಮಾಡಿದೆ.

"ಕೆರೆಬಿಳಚಿಗೆ ಹೋದಾಗಲೇನು? ನಾನು ತಂಗಿ ಮನೆ ಮೋಟಾರು ಬಿಚ್ಕೊಂಡು ಕೂತಿದ್ದೆ. ನೀವಿಬ್ರೂ ಆಟೋ ಮಾಡ್ಕೊಂಡು ಕೆರೆ ನೋಡಾಕೆ ಹೋಗಿದ್ರಿ. ಮಳೇಲಿ ಸಿಕ್ಕೊಂಡ್ವಿ ಅಂತ ತೊಪ್ಪೆಯಾಗಿ ಬಂದ್ರಿ" ಎಂದರು. "ಯಾಕೆ, ಈಗ ಅದೆಲ್ಲ?"

ಹೊರಗೆ ಬಂದು, "ಮಳೆ ಬಂದಿತ್ತಲ್ಲ, ಮರ್ತುಬಿಟ್ಯಾ?" ಎಂದೆ. ನಗುತ್ತಲೇ ಹೇಳಿದೆ, ಆದರೆ ಆ ಕಲಿತ ನಗು ಅಲ್ಲ.

ಮಗಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಏನೋ ಇಳಿದುಹೋಯಿತು. "ಅಪ್ಪನ್ನ ಕೇಳ್ಕೊಂಡು ಬಂದ್ರಿ" ಎಂದಳು. "ಮಳೆ ಅನ್ನೋದು ಅಪ್ಪಂಗೆ ಹೇಳಿದ ಸುಳ್ಳು. ಅಮ್ಮಂಗೆ ಗೊತ್ತಿತ್ತು ಅದು."

ಅಷ್ಟು ಹೇಳಿ ಅಜ್ಜಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಾರಿಗೂ ದೂರು ಹೇಳಲಿಲ್ಲ. ಬೇಕಿದ್ದರೆ ಅತ್ತೆಗೆ ಹೇಳಬಹುದಿತ್ತು. ಅತ್ತೆ ಆಗಲೇ ನನಗೆ ಗಾಳಿ ಸೋಕಿರಬಹುದು ಅಂತ ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದ್ದರು. ಹೇಳಿದ್ದರೆ ಯಾವುದೋ ಗಂಟೆಯ ಮುದುಕಿಯ ಬಳಿ ನನ್ನನ್ನೂ ಕರೆದೊಯ್ಯುತ್ತಿದ್ದರು. ಮಗಳು ಹೇಳಲಿಲ್ಲ. ಹೆಸರಿಲ್ಲದ ಆ ಆತ್ಮ ಎಲ್ಲಿಗೆ ಹೋದೀತು ಅಂತ ಅವಳೂ ಯೋಚಿಸಿರಬೇಕು.

ಆ ದಿನಗಳಲ್ಲಿ ನನಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ರಜೆಯಲ್ಲಿದ್ದೆ, ಶಾಲೆಗೆ ಮರಳಿರಲಿಲ್ಲ. ಮಧ್ಯಾಹ್ನ ಅತ್ತೆ ಅಡ್ಡಾದಾಗ ಹೊಳೆಯ ಕಡೆ ನಡೆದುಹೋಗುತ್ತಿದ್ದೆ. ಬೇಸಿಗೆ. ತುಂಗಭದ್ರೆ ಇಳಿದು ನಡುವೆ ಮರಳು ಕಾಣುತ್ತಿತ್ತು. ಬಟ್ಟೆ ಒಗೆಯುವವರು ಮನೆಗೆ ಹೋಗಿರುವ ಹೊತ್ತು. ಮೆಟ್ಟಿಲ ಮೇಲೆ ಕೂತು ಕಾಲನ್ನು ನೀರಿಗೆ ಬಿಡುತ್ತಿದ್ದೆ. ಮೀನುಮರಿಗಳು ಬಂದು ಪಾದ ಕಚ್ಚುತ್ತಿದ್ದವು. ಇಡೀ ದಿನದಲ್ಲಿ ಅದೊಂದೇ ಹೊತ್ತಿನಲ್ಲಿ ನಾನು ಯಾರ ಥರವೂ ಇರಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿದೆ. ಮೇಲಿನ ಮೆಟ್ಟಿಲಲ್ಲಿ ಮಗಳು. ಅವತ್ತು ಶಾಲೆ ಅರ್ಧ ದಿನ. ಯೂನಿಫಾರಂನಲ್ಲೇ ನನ್ನ ಹಿಂದೆ ಬಂದಿದ್ದಳು. ಮುಖ ಬೆವರಿತ್ತು.

"ಅಮ್ಮಂಗೆ ನೀರಂದ್ರೆ ಭಯ ಇತ್ತು" ಎಂದಳು. "ಜಗಳೂರಲ್ಲಿ ಹೊಳೆ ಇರ್ಲಿಲ್ಲ, ನಂಗೆ ಅಭ್ಯಾಸ ಇಲ್ಲ ಅನ್ನೋಳು. ಇಲ್ಲಿಗೆ ಬಂದ್ರೆ ಮೇಲೇ ನಿಂತ್ಕೊಳ್ಳೋಳು. ಕೆಳಗೆ ಇಳೀತಿರ್ಲಿಲ್ಲ."

ನನ್ನ ಕಾಲು ನೀರಲ್ಲೇ ಇತ್ತು. ತೆಗೆಯಲಿಲ್ಲ. ಇನ್ನು ನಟಿಸುವ ಶಕ್ತಿ ಇರಲಿಲ್ಲ.

"ನಂಗೆ ಭಯ ಆಗಲ್ಲ ಕಣಮ್ಮ" ಎಂದೆ. "ಯಾಕಂತ ಗೊತ್ತಿಲ್ಲ."

"ನೀವು ಯಾರು?"

ಸಣ್ಣ ಹುಡುಗಿಯ ಬಾಯಲ್ಲಿ ಅದು ತಮಾಷೆಯಾಗಿ ಕೇಳಬಹುದಿತ್ತು. ಕೇಳಲಿಲ್ಲ. ಅಂಥ ಪ್ರಶ್ನೆ ಕೇಳಲು ಎಷ್ಟು ದಿನದಿಂದ ಧೈರ್ಯ ಕೂಡಿಸಿಕೊಂಡಿದ್ದಳೋ.

"ನಿನ್ನ ಅಮ್ಮ ಅಂತ ಎಲ್ಲಾರೂ ಹೇಳ್ತಾರೆ. ನಾನೂ ಹಂಗೇ ಅನ್ಕೊಂಡಿದೀನಿ" ಎಂದೆ. "ಆದ್ರೆ ನೀ ಹುಟ್ಟಿದ್ದು ನಂಗೆ ನೆನಪಿಲ್ಲ. ಸೂಳೆಕೆರೆ ನೆನಪಿಲ್ಲ. ಹುಡುಕಿದೆ. ಸಿಗ್ಲಿಲ್ಲ."

"ಅಮ್ಮ ಎಲ್ಲಿಗೆ ಹೋದ್ಲು?"

"ಗೊತ್ತಿಲ್ಲ. ನಾನೂ ಅವಳನ್ನೇ ಹುಡುಕ್ತಿದೀನಿ."

ಅವಳು ಅಲ್ಲೇ ಕೂತು ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಹತ್ತಿರ ಹೋಗಿ ಮುಟ್ಟಬೇಕೋ ಬೇಡವೋ ತಿಳಿಯದೆ ನಾನು ಎರಡು ಮೆಟ್ಟಿಲು ಕೆಳಗೇ ಇದ್ದೆ. ನನಗೂ ಅಳು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. ಅವಳಿಗಾಗಿಯೋ ಆ ಹೋದವಳಿಗಾಗಿಯೋ ಗೊತ್ತಾಗಲಿಲ್ಲ. ಆಚೆ ದಡದಲ್ಲಿ ಯಾರೋ ಎಮ್ಮೆಗಳನ್ನು ನೀರಿಗೆ ಇಳಿಸುತ್ತಿದ್ದರು, ಹೋಯ್ ಹೋಯ್ ಎನ್ನುವ ಕೂಗು ತೇಲಿ ಬರುತ್ತಿತ್ತು.

ಅತ್ತು ಸುಧಾರಿಸಿಕೊಂಡು ಅವಳು ಮೂಗು ಒರೆಸಿಕೊಂಡಳು. "ಹಂಗಾದ್ರೆ ನಾ ಹೇಳ್ತೀನಿ ಕೇಳು" ಎಂದಳು.

ಅವಳು ರೀ ಬಿಟ್ಟದ್ದನ್ನು ಆಮೇಲೆ ಗಮನಿಸಿದೆ. ಆ ಹೊತ್ತಿನಲ್ಲಿ ಕತೆ ಕೇಳುವುದರಲ್ಲೇ ಇದ್ದೆ.

ಸೂಳೆಕೆರೆಯಲ್ಲಿ ಏರಿಯ ಕೆಳಗಿನ ಕಲ್ಲಿನ ಮೇಲೆ ಮಗಳು ಕಾಲು ತೊಳೆಯಲು ಇಳಿದಿದ್ದಳಂತೆ. ಪಾಚಿಗೆ ಜಾರಿತು. ನೀರು ಬಾಯೊಳಗೆ ಹೋಯಿತು. ಅಷ್ಟರಲ್ಲಿ ಸೀರೆ ಸಮೇತ ಅಮ್ಮ ಧುಮುಕಿದಳು. ಮೊಣಕಾಲುದ್ದದ ನೀರಿಗೂ ಇಳಿಯದಿದ್ದವಳು. ಜಡೆ ಹಿಡಿದು ಎಳೆದು ಮೇಲೆ ತಂದಳು. ದಂಡೆಯಲ್ಲಿ ಕೂತು, ಅಳುವುದು ಬಿಟ್ಟು, ಗಟ್ಟಿಯಾಗಿ ನಕ್ಕಳಂತೆ. ನಗುತ್ತಲೇ ಇದ್ದಳಂತೆ, ಆಟೋದವನು ಹೆದರುವಷ್ಟು. "ಅಪ್ಪಂಗೆ ಹೇಳ್ಬೇಡ, ಇನ್ಮೇಲೆ ಎಲ್ಲಿಗೂ ಬಿಡಲ್ಲ. ಮಳೆ ಬಂತು ಅನ್ನಾಣ" ಎಂದು ಮಾತು ತೆಗೆದುಕೊಂಡಳಂತೆ.

ಹೇಳಿ ಮುಗಿಸಿ ಮಗಳು ನನ್ನ ಮುಖ ನೋಡಿದಳು. ಯಾವುದಕ್ಕೆ ಕಾಯುತ್ತಿದ್ದಾಳೆ ಅಂತ ತಿಳಿಯಿತು. ಹೌದು, ಈಗ ನೆನಪಾಯಿತು ಅಂದುಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು. ಅವಳು ನಂಬುತ್ತಿದ್ದಳು. ನಂಬಲು ಕಾದಿದ್ದಳು.

"ನೆನಪಾಗ್ಲಿಲ್ಲ" ಎಂದೆ. "ಆದ್ರೆ ಗಟ್ಟಿಗಿತ್ತಿ ಇದ್ಲು ನಿಮ್ಮಮ್ಮ."

"ಹೂಂ" ಎಂದಳು.

ಇಬ್ಬರೂ ಮನೆಗೆ ನಡೆದು ಬಂದೆವು. ಅವಳು ಒಂದು ಹೆಜ್ಜೆ ಮುಂದೆ, ನಾನು ಹಿಂದೆ.

ಅಲ್ಲಿಂದ ಎಲ್ಲ ಸುಖವಾಯಿತು ಅಂತ ಹೇಳಲಾರೆ. ನಿಧಾನವಾಗಿ ಅವಳು ನನ್ನ ಹತ್ತಿರ ಮಲಗಲು ಬಂದಳು. ಒಂದೊಂದು ದಿನ ಒಂದೊಂದು ಕತೆ ಹೇಳುತ್ತಿದ್ದಳು, ನೀನು ಹೀಗೆ ಮಾಡಿದ್ದೆ, ಹೀಗೆ ಅಂದಿದ್ದೆ ಅಂತ. ನಾನು ಯಾರದೋ ಕತೆಯಂತೆ ಕೇಳುತ್ತಿದ್ದೆ. ಕೇಳಿ ಕೇಳಿ ಈಗ ಕೆಲವಕ್ಕೆ ಬಣ್ಣ ಬಂದಿದೆ, ವಾಸನೆಯೂ ಬಂದಿದೆ. ಕಲ್ಲಿನ ಪಾಚಿ ಕಣ್ಣಿಗೆ ಕಾಣುತ್ತದೆ. ಅದು ಮರಳಿ ಬಂದ ನೆನಪೋ, ಅವಳು ನನ್ನೊಳಗೆ ಇಟ್ಟದ್ದೋ, ಬೇರೆ ಮಾಡಿ ತೋರಿಸು ಅಂದರೆ ನನ್ನಿಂದಾಗದು. ಕೆಲವನ್ನು ಅವಳೇ ಕಟ್ಟಿ ಹೇಳಿರಬಹುದು ಅನ್ನುವ ಅನುಮಾನವೂ ಇದೆ. ಒಂದು ಕತೆಯಲ್ಲಿ ನಾನು ಅವಳನ್ನು ಹೊಡೆದು, ಆಮೇಲೆ ತುಂಬಾ ಹೊತ್ತು ಕ್ಷಮಿಸು ಅಂತ ಕೇಳುತ್ತೇನೆ. ಆ ಕೊನೆಯ ಭಾಗ ನಿಜವಾಗಿ ನಡೆದಿತ್ತೇ ಅಂತ ಕೇಳಲು ಧೈರ್ಯ ಆಗಿಲ್ಲ.

ಶಾಲೆಗೆ ಮರಳಿದೆ. ಪಾಠ ಮಾಡಲು ಬರುತ್ತದೆ. ಮೊದಲಿನಷ್ಟು ಜೋರು ದನಿ ಇಲ್ಲ ಅಂತ ಮಕ್ಕಳಿಗೆ ಖುಷಿ.

ಮಗಳು ಈಗ ಕಾಲೇಜಿಗೆ ಬಂದಿದ್ದಾಳೆ. ಅತ್ತೆಗೆ ವಯಸ್ಸಾಗಿ ಹಾಸಿಗೆಯಲ್ಲೇ ಹೆಚ್ಚು ಹೊತ್ತು ಇರುತ್ತಾರೆ. ಮೊನ್ನೆ ಅವರಿಗೆ ಗಂಜಿ ಕುಡಿಸುತ್ತಿದ್ದೆ. ನನ್ನ ಕೈ ಹಿಡಿದು, ಮನಸ್ಸಿನಲ್ಲಿ ಬಹಳ ಕಾಲದಿಂದ ಇದ್ದದ್ದನ್ನು ಹೇಳುವವರಂತೆ ಹೇಳಿದರು:

"ಮೊದಲ್ನೇ ಸೊಸೆಗೂ ನಂಗೂ ಆಗ್ತಿರ್ಲಿಲ್ಲ ನೋಡವ್ವಾ. ಬಾಯಿ ಜೋರು ಅವಳದು. ದಿನಾ ಜಗಳ. ನಿನ್ನ ಜೊತೆ ಒಂದಿನಾನೂ ಹಂಗಾಗ್ಲಿಲ್ಲ."

ಅವರ ಮಗನಿಗೆ ಒಂದೇ ಮದುವೆ. ಸೊಸೆ ಒಬ್ಬಳೇ. ಮುಪ್ಪಿನ ಮರೆವು ಅಂದುಕೊಳ್ಳಬಹುದಿತ್ತು. ಆದರೆ ಅವರ ಕಣ್ಣಲ್ಲಿ ಪೂರ್ತಿ ಎಚ್ಚರವಿತ್ತು. ಉಳಿದ ಗಂಜಿ ಕುಡಿಸಿ, ಬಾಯಿ ಒರೆಸಿ, ಬಟ್ಟಲು ತೊಳೆಯಲು ಹೋದೆ. ಈ ಮನೆಯಲ್ಲಿ ಒಬ್ಬಳು ತೀರಿಹೋಗಿದ್ದಾಳೆ, ಅವಳಿಗಾಗಿ ಒಂದು ದಿನವೂ ಯಾರೂ ಒಲೆ ಹಚ್ಚದೆ ಕೂರಲಿಲ್ಲ ಎಂದು ಮೊದಲ ಬಾರಿ ಅನ್ನಿಸಿತು.

ಸಂಜೆ ಮಗಳು ಬಂದಾಗ ಅಜ್ಜಿ ಹೀಗೆಂದರು ಅಂತ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ನಕ್ಕು ನಕ್ಕು, ಇದ್ದಕ್ಕಿದ್ದ ಹಾಗೆ ನಿಲ್ಲಿಸಿದಳು. ಬಾಗಿಲಾಚೆ ನೋಡುತ್ತಾ, "ಪಾಪ" ಎಂದಳು.

ಯಾರಿಗೆ ಅಂತ ನಾನು ಕೇಳಲಿಲ್ಲ. ಅವಳಿಗೆ ಚಹಾ ಸೋಸಿ ಕೊಟ್ಟು ಪಕ್ಕದಲ್ಲಿ ಕೂತೆ.